ಕಣ್ಣೀರು ಒರೆಸದ ಕರವಸ್ತ್ರ

ಅಪಸ್ವರ ಬಿದ್ದರೆ ನಮ್ಮ ಮಾಸ್ತರರ ಬಲಗಿವಿ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ನೊಣ ಓಡಿಸುವಾಗ ಎಮ್ಮೆ ಮಾಡುತ್ತದಲ್ಲ, ಹಾಗೆ. ಅಗಲವಾದ ಕಿವಿ, ಅಂಚಿನಲ್ಲಿ ಬೆಳ್ಳಗಿನ ಕೂದಲು, ಮಡಿಕೆಯಲ್ಲಿ ಸದಾ ಅತ್ತರಿನ ಹತ್ತಿ. ಉಳಿದ ಮುಖವೆಲ್ಲ ನಿದ್ದೆ ಹೋದಂತೆ ಕಾಣುತ್ತಿತ್ತು. ಕಿವಿಯೊಂದೇ ಪಹರೆಗೆ ನಿಂತಿರುತ್ತಿತ್ತು. ಅವರು ಮುಂದಿನ ಸಾಲಿನಲ್ಲಿ ಕೂತರೆ ವೇದಿಕೆಯ ಮೇಲಿದ್ದವರು ತಬಲಜಿಯ ಕಡೆ ನೋಡುವುದನ್ನು ಬಿಟ್ಟು ಆ ಕಿವಿಯನ್ನೇ ನೋಡುತ್ತಿದ್ದರೆಂದು ಪ್ರತೀತಿ. ಪ್ರತೀತಿಯನ್ನು ಹಬ್ಬಿಸಿದವರು ಮಾಸ್ತರರೇ.

ವೃತ್ತಿಯಿಂದ ಅವರು ಪುಣೆಯ ಕನ್ನಡ ಶಾಲೆಯೊಂದರಲ್ಲಿ ಕನ್ನಡ ಕಲಿಸುವವರು. ನಾನು ಅವರ ವಿದ್ಯಾರ್ಥಿ. ಶಾಲೆ ಮುಗಿಸಿ, ವಿಮಾ ಕಂಪನಿಯಲ್ಲಿ ಗುಮಾಸ್ತನಾಗಿ, ಅಲ್ಲಿಂದ ನಿವೃತ್ತನಾದ ಮೇಲೂ ಆ ವಿದ್ಯಾರ್ಥಿಯ ಹುದ್ದೆಯಿಂದ ನನಗೆ ಬಿಡುಗಡೆ ಸಿಗಲಿಲ್ಲ. ಹಾಡಿನ ಮೈಫಿಲುಗಳಿಗೆ ಅವರ ಛತ್ರಿ ಹಿಡಿದು ಹೋಗುವುದು, ಪಕ್ಕದಲ್ಲಿ ಕೂತು ತಲೆ ಅಲ್ಲಾಡಿಸದೆ ಇರುವುದು ನನ್ನ ಕರ್ತವ್ಯಗಳಾಗಿದ್ದವು. "ತಲಿ ಅಲ್ಲಾಡಿಸಬ್ಯಾಡಪಾ, ಹಾಡೋರಿಗೆ ತಪ್ಪು ಸಂದೇಶ ಹೋಗ್ತದ" ಎನ್ನುತ್ತಿದ್ದರು.

ಆದರೆ ಧರ್ಮದಿಂದ ಅವರು ವಿಮರ್ಶಕರು. ಊರ ಕಡೆಯ ಒಂದು ಕನ್ನಡ ವಾರಪತ್ರಿಕೆಗೆ ಪುಣೆಯ ಸಂಗೀತದ ಬಗ್ಗೆ ಬರೆಯುತ್ತಿದ್ದರು. ಪತ್ರಿಕೆಯ ಕಟ್ಟು ಬಸ್ಸಿನಲ್ಲಿ ಸ್ವಾರಗೇಟಿಗೆ ಬಂದು, ನಿಲ್ದಾಣದ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ದುಡ್ಡಿನ ಗಲ್ಲೆಯ ಪಕ್ಕ ಇಳಿಯುತ್ತಿತ್ತು. ಪುಣೆಯ ಕನ್ನಡಿಗರು ಇಡ್ಲಿ ತಿನ್ನುತ್ತ ಅದನ್ನು ಓದುತ್ತಿದ್ದರು. ಹಾಡುವವರು ಮರಾಠಿಯವರು, ಬೈಗುಳ ಕನ್ನಡದಲ್ಲಿ. ಈ ಏರ್ಪಾಡಿನಲ್ಲಿ ಎಲ್ಲರಿಗೂ ಏನೋ ಅನುಕೂಲವಿದೆಯೆಂದು ನನಗೆ ಅನಿಸುತ್ತಿತ್ತು. ಮಾಸ್ತರರಿಗೆ ಮಾತ್ರ ಅನಿಸಿರಲಿಲ್ಲ.

ಅವರ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಜನ ಯಾರಿಗೆ ಹೆಚ್ಚು ಚಪ್ಪಾಳೆ ಹೊಡೆದರೋ ಅವರು ಆ ವಾರದ ಆರೋಪಿ. ಸಿನಿಮಾಕ್ಕೆ ಸಂಗೀತ ಕೊಡಲು ಶುರುಮಾಡಿದ್ದ ಒಬ್ಬ ತರುಣನ ಬಗ್ಗೆ, "ಹೊಲಿಗೆ ಯಂತ್ರದ ಸದ್ದಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ಕೊನೆಗೊಂದು ಅಂಗಿಯಾದರೂ ಸಿಗುತ್ತದೆ" ಎಂದು ಬರೆದರು. ಒಬ್ಬ ಗಜಲ್ ಗಾಯಕನಿಗೆ, "ಗಂಟಲಿಗೆ ಜ್ವರ ಬಂದಿದೆ, ಹೊದಿಸಿ ಮಲಗಿಸಿದರೆ ರೋಗಿಗೂ ಊರಿಗೂ ಕ್ಷೇಮ." ಇವರನ್ನೆಲ್ಲ ಬರುವ ಗಣೇಶೋತ್ಸವದ ಹೊತ್ತಿಗೆ ಕೇಳುವವರಿರುವುದಿಲ್ಲ ಎಂಬುದು ಮಾಸ್ತರರ ಕಾಯಂ ಭವಿಷ್ಯ. ಗಣಪತಿಗಳು ಬಂದರು, ಮುಳುಗಿದರು. ಹಾಡುಗಾರರು ತೇಲುತ್ತಲೇ ಇದ್ದರು.

ಅವರಲ್ಲಿ ಒಬ್ಬಾಕೆ ಭಾವಗೀತೆ ಹಾಡುವ ಹುಡುಗಿ. ಅವಳ ಮೊದಲ ಕಾರ್ಯಕ್ರಮಕ್ಕೆ ಮಾಸ್ತರರು ಬರೆದದ್ದು ಅಂಗೈಯಗಲದ ನಾಲ್ಕೇ ಮಾತು: "ಈ ದನಿ ಇಸ್ತ್ರಿ ಮಾಡಿದ ಕರವಸ್ತ್ರದಂತಿದೆ. ಸ್ವಚ್ಛ, ಮಡಿಕೆ ಸರಿಯಾಗಿದೆ, ಒಂದು ಸುಕ್ಕಿಲ್ಲ. ಆದರೆ ಇದರಿಂದ ಯಾರ ಕಣ್ಣೀರನ್ನೂ ಒರೆಸಲಾಗದು. ತಂದೆತಾಯಿಗಳು ಇವಳಿಗೆ ಬೇರೆ ವಿದ್ಯೆ ಕಲಿಸುವುದು ಲೇಸು."

ಆಮೇಲೆ ಆ ಹುಡುಗಿಯ ಹಾಡು ಪುಣೆಯನ್ನು ಆವರಿಸಿಕೊಂಡಿತು. ಇಲ್ಲಿಯ ಪೇಟೆಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗಳು ಬಾಗಿಲು ಹಾಕುತ್ತವೆ, ನಾಯಿಗಳು ಕಟ್ಟೆಯ ನೆರಳಿಗೆ ಸೇರುತ್ತವೆ, ಇಡೀ ಊರು ಕಣ್ಣು ಮುಚ್ಚುತ್ತದೆ. ಅಂಥ ಹೊತ್ತಿನಲ್ಲಿ ನಾನೂ ಮಾಸ್ತರರೂ ಸದಾಶಿವ ಪೇಟೆಯ ಓಣಿಗಳಲ್ಲಿ ನಡೆದು ಬರುತ್ತಿದ್ದೆವು. ಒಂದು ಕಿಟಕಿಯ ರೇಡಿಯೋದಲ್ಲಿ ಅವಳ ಹಾಡಿನ ಪಲ್ಲವಿ. ಅದನ್ನು ದಾಟುವಷ್ಟರಲ್ಲಿ ಮುಂದಿನ ಮನೆಯ ಕಿಟಕಿಯಲ್ಲಿ ಅದೇ ಹಾಡು, ಬಿಟ್ಟಲ್ಲಿಂದಲೇ. ಹೀಗೆ ಮನೆಯಿಂದ ಮನೆಗೆ ಕೈ ಬದಲಾಯಿಸುತ್ತ ಹಾಡು ನಮ್ಮ ಜೊತೆಗೇ ನಡೆದು ಬರುತ್ತಿತ್ತು. ಒಳಗೆಲ್ಲೋ ಪಾತ್ರೆ ತೊಳೆಯುವ ಸದ್ದು, ಒಂದು ಕೂಸಿನ ಅಳು, ಆ ಅಳು ಹಾಡಿನೊಳಗೆ ನಿಧಾನಕ್ಕೆ ಕರಗುವುದು. ಬಿಸಿಲು ಗೋಡೆಗಳ ಮೇಲೆ ಹಳದಿಯಾಗಿ ಒರಗಿರುತ್ತಿತ್ತು. ನಾವು ನಡೆಯುತ್ತಿದ್ದೇವೋ ನಿಂತಿದ್ದೇವೋ ನನಗೆ ತಿಳಿಯುತ್ತಿರಲಿಲ್ಲ.

"ಈ ಊರಿಗೆ ಅಭಿರುಚಿ ಅನ್ನೂದು ಇಲ್ಲಪಾ" ಎನ್ನುತ್ತಿದ್ದರು ಮಾಸ್ತರರು. ಅವರ ಚಪ್ಪಲಿ ಮಾತ್ರ ತಾಳ ತಪ್ಪುತ್ತಿರಲಿಲ್ಲ.

ಒಂದು ವಿಷಯ ನನಗೆ ಬಗೆಹರಿದಿರಲಿಲ್ಲ. ಅವರು ಬೈದವರೆಲ್ಲ ಅವರನ್ನು ಕಂಡರೆ ಕಾಲಿಗೆ ಬೀಳುತ್ತಿದ್ದರು. ಹೊಲಿಗೆ ಯಂತ್ರದವನು ದೀಪಾವಳಿಗೆ ಚಕ್ಕುಲಿ, ಉಂಡೆಗಳ ಫರಾಳದ ಡಬ್ಬಿ ಕಳಿಸುತ್ತಿದ್ದ; ಜ್ವರದ ಗಂಟಲಿನವನು ಕುರ್ಚಿ ಎಳೆದು ಕೊಡುತ್ತಿದ್ದ. "ನೋಡಪಾ, ನಿಷ್ಠುರಕ್ಕ ಎಂಥಾ ಮರ್ಯಾದಿ ಅದ" ಎಂದು ಮಾಸ್ತರರು ಹಿಗ್ಗಿ, ಮುಂದಿನ ವಾರ ಇನ್ನಷ್ಟು ಖಾರ ಅರೆಯುತ್ತಿದ್ದರು.

ಕಾರಣ ತಿಳಿದದ್ದು ತೀರ ಈಚೆಗೆ. ಮಾಸ್ತರರು ಆಗ ಪುಣೆಯ ಅಂಚಿನ ಕೊಂಢವಾದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದರು. ಪತ್ರಿಕೆ ಎಂದೋ ನಿಂತಿತ್ತು. ನಮ್ಮ ಕನ್ನಡ ಮಂಡಳಿಯವರು ಆ ಗಾಯಕಿಯನ್ನು ಸನ್ಮಾನಿಸಲು ನಿರ್ಧರಿಸಿ, ಕರೆಯಲು ನಮ್ಮಿಬ್ಬರನ್ನು ಕಳಿಸಿದರು. ಆಕೆಗೂ ಈಗ ಎಪ್ಪತ್ತರ ಆಚೀಚೆ. ಬಾಗಿಲಲ್ಲೇ ಬಗ್ಗಿ ಮಾಸ್ತರರ ಪಾದ ಮುಟ್ಟಿ, ಒಳಗೆ ಕರೆದೊಯ್ದು, ಗೋಡೆಯ ಕಡೆ ಕೈ ತೋರಿಸಿದರು. ಪ್ರಶಸ್ತಿ ಫಲಕಗಳೆಲ್ಲ ಮೂಲೆಯಲ್ಲಿದ್ದವು. ನಟ್ಟನಡುವೆ ಗಾಜಿನ ಚೌಕಟ್ಟಿನಲ್ಲಿ ಹಳದಿಗಟ್ಟಿದ ಆ ನಾಲ್ಕು ಮಾತು.

"ನನಗೆ ಸಿಕ್ಕ ಮೊದಲ ಹೊಗಳಿಕೆ" ಎಂದರು. ಮಾತು ನಡೆದದ್ದು ಮರಾಠಿಯಲ್ಲಿ. ಇಲ್ಲಿಯ ಅನುವಾದ ನನ್ನದು. "ಅಪ್ಪ ಹೇಳಿಬಿಟ್ಟಿದ್ದರು, ಪತ್ರಿಕೆಯಲ್ಲಿ ಚೆನ್ನಾಗಿ ಬಂದರೆ ಹಾಡು, ಇಲ್ಲವಾದರೆ ಟೈಪಿಂಗ್ ಕ್ಲಾಸು ಅಂತ. ನನಗೆ ಕನ್ನಡ ಬಾರದು, ಸ್ವಾರಗೇಟಿನ ಹೋಟೆಲಿನವರು ಮರಾಠಿಯಲ್ಲಿ ಓದಿ ಹೇಳಿದರು. ನನ್ನ ದನಿ ಕಣ್ಣೀರು ಒರೆಸುವ ಕರವಸ್ತ್ರ ಅಂತ ಬರೆದಿದ್ದೀರಂತೆ. ಆವತ್ತಿನಿಂದ ಪ್ರತಿ ಸಲ ವೇದಿಕೆ ಹತ್ತುವಾಗ ಅದೊಂದೇ ಮಾತು ನೆನೆಸಿಕೊಳ್ಳುತ್ತೇನೆ."

ಮಾಸ್ತರರು ಚೌಕಟ್ಟಿನ ಹತ್ತಿರ ಹೋಗಿ ನಿಂತರು.

"ಒಂದು ಆಸೆ" ಎಂದರು ಆಕೆ. "ಸನ್ಮಾನದ ದಿನ ಇದನ್ನು ನೀವೇ ವೇದಿಕೆಯ ಮೇಲೆ ಕನ್ನಡದಲ್ಲಿ ಓದಬೇಕು. ಅರ್ಥ ಆಗದಿದ್ದರೂ ಪರವಾಗಿಲ್ಲ, ನಿಮ್ಮ ಬಾಯಿಂದ ಕೇಳಬೇಕು."

ಅಲ್ಲಿಂದ ರಿಕ್ಷಾ ನೇರ ಸ್ವಾರಗೇಟಿಗೆ ಹೋಯಿತು. ಹೋಟೆಲನ್ನು ಈಗ ಯಜಮಾನರ ಅಣ್ಣನ ಮಗ ನಡೆಸುತ್ತಿದ್ದ. ಮುದುಕ ಯಜಮಾನರು ಅಭ್ಯಾಸಬಲದಿಂದ ಗಲ್ಲೆಯ ಪಕ್ಕ ಕೂತು ಹೋಗಿಬರುವವರನ್ನು ನೋಡುತ್ತಿದ್ದರು.

"ಅಲ್ರೀ, ನಾ ಬರದದ್ದೇನು, ನೀವು ಓದಿ ಹೇಳಿದ್ದೇನು?" ಎಂದರು ಮಾಸ್ತರರು, ನಿಂತೇ.

ಯಜಮಾನರಿಗೆ ಯಾವ ವಿಷಯವೆಂದು ಕೇಳುವ ಅಗತ್ಯ ಬೀಳಲಿಲ್ಲ. "ಕೂತ್ಕೊಳ್ಳಿ ಮಾಷ್ಟ್ರೇ. ಎಂತ ಮಾಡುದು, ಆ ಹುಡುಗಿ ದೋಸೆ ಮುಟ್ಟಿರ್ಲಿಲ್ಲ. ಮುಂದೆ ಇಟ್ಟ ದೋಸೆ ತಣ್ಣಗಾಗ್ತಾ ಉಂಟು, ಅವಳು ನನ್ನ ಬಾಯಿಯನ್ನೇ ನೋಡ್ತಾ ಇದ್ದಾಳೆ. ನನ್ನಿಂದ ಆಗ್ಲಿಲ್ಲ."

"ನನ್ನ ಮಾತಿಗೆ ಸಕ್ಕರಿ ಹಾಕಿದ್ರಿ."

"ನಾವು ಸಾಂಬಾರಿಗೇ ಬೆಲ್ಲ ಹಾಕುವವರು ಮಾರಾಯ್ರೆ."

"ಈಕಿ ಒಬ್ಬಾಕಿಗೇ ಏನು?"

ಯಜಮಾನರು ಗಲ್ಲೆಯ ಮೇಲಿನ ಸೋಂಪಿನ ತಟ್ಟೆಯನ್ನು ಸ್ವಲ್ಪ ಸರಿಸಿದರು. "ಬಂದವರಿಗೆಲ್ಲ" ಎಂದರು.

ಮಾಸ್ತರರು ಕೂತುಬಿಟ್ಟರು. ಇಡೀ ಜೀವಮಾನದ ಕಟುಸತ್ಯವೆಲ್ಲ ಈ ಗಲ್ಲೆಯ ಹತ್ತಿರವೇ ಸಿಹಿಯಾಗಿ ಬದಲಾಗಿ ಊರಿಗೆ ಹಂಚಿಹೋಗಿತ್ತು. ಹೊಲಿಗೆ ಯಂತ್ರದವನಿಗೆ ಏನೆಂದು ಹೇಳಿದ್ದರೆಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಫರಾಳದ ಡಬ್ಬಿಯ ಗಾತ್ರ ನೋಡಿದರೆ ಸಾಕಷ್ಟು ಉದಾರವಾಗಿಯೇ ಹೇಳಿರಬೇಕು.

ಸನ್ಮಾನದ ತನಕ ಮಾಸ್ತರರು ಸರಿಯಾಗಿ ಊಟ ಮಾಡಲಿಲ್ಲ. ಅವರ ಸಂಕಟ ನನಗೆ ಗೊತ್ತಿತ್ತು. ಬರೆದ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ ಎನ್ನುವುದು ಅವರ ಏಕೈಕ ಆಸ್ತಿ. ಇದ್ದದ್ದನ್ನು ಇದ್ದಂತೆ ಓದಿದರೆ, ಸಭೆ ತುಂಬ ಕೂತ ಕನ್ನಡಿಗರ ಮುಂದೆ ಆಕೆ ಆಯುಷ್ಯವಿಡೀ ನೆಚ್ಚಿಕೊಂಡ ಮಾತು ಮುರಿದು ಬೀಳುತ್ತದೆ. ಬೇರೆ ಓದಿದರೆ ಮಾಸ್ತರರು ಮೊದಲ ಸಲ ಸುಳ್ಳುಗಾರರಾಗುತ್ತಾರೆ, ಅದೂ ಮೈಕಿನಲ್ಲಿ.

"ಆರಾಮಿಲ್ಲ ಅಂತ ಹೇಳಿಬಿಡ್ರಿ ಸರ್" ಎಂದೆ.

"ಅದೂ ಸುಳ್ಳೇ ಅಲ್ಲೇನಪಾ?"

ಆ ಸಂಜೆ ಸಭಾಂಗಣದಲ್ಲಿ ಮಲ್ಲಿಗೆಯ ವಾಸನೆ, ಪಂಖಗಳ ಗುಂಯ್ ಎನ್ನುವ ಶಬ್ದ. ಆಕೆ ಚೌಕಟ್ಟನ್ನು ಮನೆಯಿಂದಲೇ ತಂದು ಮಾಸ್ತರರ ಕೈಗಿಟ್ಟರು. ಕೊನೆಯ ಸಾಲಿನಲ್ಲಿ ಹೋಟೆಲಿನ ಯಜಮಾನರು ಕೂತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಬಂದವರ ಹಾಗೆ.

ಮಾಸ್ತರರು ಕನ್ನಡಕ ಹಾಕಿಕೊಂಡರು. "ಈ ದನಿ ಕರವಸ್ತ್ರದಂತಿದೆ" ಎಂದು ಓದಿದರು. ನಿಂತರು. ಕನ್ನಡಕ ತೆಗೆದರು. ತೆಗೆದ ಮೇಲೂ ಓದುವುದನ್ನು ನಿಲ್ಲಿಸಲಿಲ್ಲ.

"ಇದನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಜನ ಆಸ್ಪತ್ರೆಗೆ ಹೋದಾರು. ಮಗಳನ್ನು ಗಂಡನ ಮನೆಗೆ ಕಳಿಸಿ ಬಂದ ಸಂಜೆ ಬಿಚ್ಚಿ ನೋಡಿಯಾರು. ಮಧ್ಯಾಹ್ನದ ಹೊತ್ತು ಈ ಊರಿನ ಓಣಿಗಳಲ್ಲಿ ನಡೆಯುವವನಿಗೆ ಪ್ರತಿ ಕಿಟಕಿಯಿಂದಲೂ ಇದನ್ನು ಯಾರೋ ಚಾಚಿಯಾರು. ಬೇಡವೆಂದು ಅವನು ಮುಖ ತಿರುಗಿಸಿಯಾನು. ಅವನ ಕೈ ಮಾತ್ರ ಅದನ್ನು ತೆಗೆದುಕೊಂಡೀತು."

ಅಂಗೈಯಗಲದ ಕಾಗದದಿಂದ ಮಾಸ್ತರರು ಒಂದು ವಿಲಂಬಿತ ಖ್ಯಾಲಿನಷ್ಟು ಹೊತ್ತು ಓದಿದರು. ಪಂಖಗಳು ತಿರುಗುತ್ತಿದ್ದವು. ಅಷ್ಟು ಚೆಂದದ ಕನ್ನಡವನ್ನು ಅವರು ಎಂದೂ ಬರೆದಿರಲಿಲ್ಲ. ಹೊಗಳಿ ಅಭ್ಯಾಸವೇ ಇರಲಿಲ್ಲವಲ್ಲ. ನನ್ನ ಪಕ್ಕದಲ್ಲಿದ್ದ ಮಂಡಳಿಯ ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು, "ಮೊದಲನೇ ಕಾರ್ಯಕ್ರಮಕ್ಕೇ ಇಷ್ಟೆಲ್ಲಾ ಹೇಳಿದ್ರಲ್ರೀ, ಎಂಥಾ ದೂರದೃಷ್ಟಿ" ಎಂದರು. ಹಿಂದೆ ತಿರುಗಿ ನೋಡಿದೆ. ಯಜಮಾನರು ಮುಖ ಕೆಳಗೆ ಹಾಕಿ ಕೂತಿದ್ದರು.

ವೇದಿಕೆ ಇಳಿಯುವಾಗ ಆಕೆ ಚೌಕಟ್ಟನ್ನು ತಿರುಗಿಸಿ ನೋಡುತ್ತ ಕೇಳಿದರು: "ಇಷ್ಟು ಸಣ್ಣ ಕಾಗದದಲ್ಲಿ ಅಷ್ಟೆಲ್ಲ ಬರೆದಿದ್ದಿರಾ?"

"ಕನ್ನಡ ಭಾಳ ಅಡಕವಾದ ಭಾಷೆ, ತಾಯಿ" ಎಂದರು ಮಾಸ್ತರರು, ಮರಾಠಿಯಲ್ಲಿ.

ಮರಳುವಾಗ ರಿಕ್ಷಾದಲ್ಲಿ, ಅವರ ಮೊದಲ ಅಭಿಪ್ರಾಯ ತಪ್ಪಾಗಿತ್ತೆಂದು ಒಪ್ಪಿಕೊಂಡ ಹಾಗಾಯಿತಲ್ಲ ಎಂದು ಮೆಲ್ಲಗೆ ಕೆಣಕಿದೆ.

"ತಪ್ಪ್ಯಾಕ? ಅವತ್ತು ಆ ದನಿ ಹಂಗ ಇತ್ತು. ಹಿಂಗ ಆಗಿದ್ದು ಆ ಹೋಟೆಲ್ಲಿನವ್ರ ಸುಳ್ಳಿನಿಂದ." ಸ್ವಲ್ಪ ದೂರ ಹೋದ ಮೇಲೆ, "ನಾನೂ ಒಂದೆರಡು ಸುಳ್ಳು ಮೊದಲೇ ಹೇಳಬೇಕಾಗಿತ್ತು. ಕಲೀಲಿಕ್ಕೆ ಭಾಳ ತಡಾ ಆತು" ಎಂದರು.

ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಊಟವಾಗಿ ಮಲಗಿದ ಮಾಸ್ತರರು ಏಳಲಿಲ್ಲ.

ಅವರ ದಿನಕರ್ಮಗಳೆಲ್ಲ ಮುಗಿದ ಮೇಲೆ ಆ ಗಾಯಕಿ ನನ್ನನ್ನು ಮನೆಗೆ ಕರೆಸಿದರು. ಓಣಿ ನಿದ್ದೆ ಹೋಗಿತ್ತು. ಚೌಕಟ್ಟು ಮೇಜಿನ ಮೇಲಿತ್ತು.

"ಆ ದಿನ ಅವರು ಓದುವಾಗ ನಾನು ಕಾಗದ ನೋಡುತ್ತಿರಲಿಲ್ಲ, ಅವರ ಕಣ್ಣು ನೋಡುತ್ತಿದ್ದೆ" ಎಂದರು. "ಕಣ್ಣು ಕಾಗದದ ಮೇಲೆ ಇರಲೇ ಇಲ್ಲ. ಇಲ್ಲಿ ನಿಜವಾಗಿ ಏನಿದೆ, ನೀವು ಹೇಳಿ. ಬೆದರಬೇಡಿ. ಇನ್ನು ನಾನು ಟೈಪಿಂಗ್ ಕ್ಲಾಸಿಗೆ ಸೇರುವ ವಯಸ್ಸಿನವಳಲ್ಲ."

ಹೋಟೆಲಿನ ಯಜಮಾನರ ಕಲೆ ನನ್ನಲ್ಲಿಲ್ಲ. ಇದ್ದದ್ದನ್ನು ಇದ್ದಂತೆ ಮರಾಠಿಗೆ ತಂದೆ: ಇಸ್ತ್ರಿ, ಮಡಿಕೆ, ಒರೆಸಲಾಗದ ಕಣ್ಣೀರು, ಬೇರೆ ವಿದ್ಯೆ. ಆಕೆ ಕಣ್ಣು ಮುಚ್ಚಿ ಕೇಳಿದರು.

"ಸರಿಯಾಗಿ ಕೇಳಿಸಿಕೊಂಡಿದ್ದಾರೆ" ಎಂದರು. "ಆ ದಿನ ಹಾಗೇ ಹಾಡಿದ್ದೆ. ಹೆದರಿಕೆ. ಒಂದು ಸ್ವರವೂ ಆಚೀಚೆ ಆಗಬಾರದು ಅಂತ ಪ್ರತಿಯೊಂದನ್ನೂ ಮಡಿಚಿ ಮಡಿಚಿ ಇಟ್ಟಿದ್ದೆ. ಅಷ್ಟು ಜನರಲ್ಲಿ ಅದು ಗೊತ್ತಾದದ್ದು ಅವರೊಬ್ಬರಿಗೇ."

ಮೇಜಿನ ಮೇಲೆ ಬೆರಳಿನಿಂದ ತಾಳ ಹಿಡಿದು, ಆ ಮೊದಲ ದಿನದ ಹಾಡಿನ ಒಂದು ಸಾಲನ್ನು ಅಂದು ಹಾಡಿದಂತೆಯೇ ಹಾಡಿ ತೋರಿಸಿದರು. ಸ್ವಚ್ಛ, ಸುಕ್ಕಿಲ್ಲ. ನಕ್ಕರು. ಆಮೇಲೆ ಅದೇ ಸಾಲನ್ನು ಈಗಿನ ದನಿಯಲ್ಲಿ ಹಾಡಿದರು. ವಯಸ್ಸಿಗೆ ದನಿ ಒಂದೆರಡು ಕಡೆ ಒಡೆಯಿತು. ಒಡೆದಲ್ಲೆಲ್ಲ ಏನೋ ಒಳಗೆ ಬಂದಂತಾಯಿತು. ಮಾಸ್ತರರ ಅಪ್ಪಣೆ ಮೀರಿ ನನ್ನ ತಲೆ ಅಲ್ಲಾಡಿತು.

"ಈ ಎರಡನೆಯದಕ್ಕೆ ಏನು ಬರೆಯುತ್ತಿದ್ದರು?" ಎಂದು ಕೇಳಿದರು.

"ಮಲಗುವ ಹೊತ್ತಿನಲ್ಲಿ ಹಾಡಿ ಪೇಟೆಯ ನೆಮ್ಮದಿ ಕೆಡಿಸಬಾರದು ಅಂತ" ಎಂದೆ.

ಆಕೆ ಮನಸಾರೆ ನಕ್ಕರು. ಎದ್ದು, ಚೌಕಟ್ಟನ್ನು ಸೆರಗಿನಿಂದ ಒರೆಸಿ, ಮತ್ತೆ ಗೋಡೆಯ ನಟ್ಟನಡುವಿನ ಮೊಳೆಗೇ ಹಾಕಿದರು.