ರಾಳ ಹೊಯ್ಯುವ ಮೊದಲು

ಪರೇಲಿನ ಆಸ್ಪತ್ರೆಯಲ್ಲಿ ಹುಬ್ಬಳ್ಳಿ ಕಡೆಯ ಡಾಕ್ಟರು ಪೇಸ್‌ಮೇಕರಿನ ಮಾದರಿಯೊಂದನ್ನು ನನ್ನ ಅಂಗೈಯಲ್ಲಿಟ್ಟು, "ಪೂರಾ ಸೀಲ್ ಐತ್ರಿ ಅಂಕಲ್, ಒಳಗ ಒಂದ್ ಹನಿ ಹೋಗಂಗಿಲ್ಲ" ಎಂದರು. ನನಗೆ ತಡೆಯಲಾರದ ನಗು. ಎದೆ ತಾಳ ತಪ್ಪಿದವನು ಹೀಗೆ ನಗಬಾರದೆಂದು ಹೆಂಡತಿ ಚಿವುಟಿದಳು. ಆದರೆ ನಗುವಿನ ಅಡಿಯಲ್ಲಿದ್ದದ್ದು ಶುದ್ಧ ಹೆದರಿಕೆ, ಸ್ವಾಮಿ. ಸೀಲ್ ಮಾಡುವವರು ಎಂಥವರೆಂದು ನನಗೆ ಗೊತ್ತು. ಒಂದು ಕಾಲಕ್ಕೆ ನಾನೂ ಅವರಲ್ಲೊಬ್ಬ. ಇದನ್ನು ನಂಬಿ ಎದೆಯೊಳಗೆ ಇರಿಸಿಕೊಳ್ಳುವುದು ಹೇಗೆ?

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಶೆಡ್ಡೊಂದರಲ್ಲಿ ನಾವು ಲಿಫ್ಟಿನ ಅಲಾರಮ್ ಮಾಡುತ್ತಿದ್ದೆವು. ಸರ್ಕ್ಯೂಟ್ ಬೋರ್ಡನ್ನು ಸ್ಪಿರಿಟ್ಟಿನಲ್ಲಿ ಮೀಯಿಸಿ, ತಂತಿಯ ತುದಿಗಳಿಗೆ ಟೇಪು ಸುತ್ತಿ, ಓವನ್ನಿನಲ್ಲಿ ಬೆಚ್ಚಗಿಟ್ಟು ಒಣಗಿಸಬೇಕು. ಒಟ್ಟಿನಲ್ಲಿ ಬಾಣಂತನ! ಆಮೇಲೆ ಮೇಲಿಂದ ರಾಳ ಹೊಯ್ದು ಸೀಲ್ ಮಾಡುವುದು. ಅದು ಗಟ್ಟಿಯಾದರೆ ಮುಗಿಯಿತು, ಒಳಗೆ ಪಸೆಯಿದ್ದರೆ ಅದೂ ಅಲ್ಲೇ ಖಾಯಂ, ಅಲಾರಮ್ ಮೂಕ.

ಈ ಬಾಣಂತನದ ಯಜಮಾನಿ ಉಡುಪಿ ಕಡೆಯ ವಸಂತಕ್ಕ. ಬರಿಗೈಯಲ್ಲಿ ಬೋರ್ಡು ಮುಟ್ಟಿದರೆ ನಮ್ಮ ಗ್ರಹಚಾರ ಬಿಡಿಸುತ್ತಿದ್ದಳು. ಆ ವರ್ಷದ ಮಳೆಯಲ್ಲಿ ಬಿಸಿಲೇ ಕಾಣದೆ ಅವಳ ಹಲಸಿನ ಹಪ್ಪಳಕ್ಕೆ ಬೂಸ್ಟು ಹಿಡಿಯುವ ಹಾಗಾಯಿತು. ಓವನ್ನಿನ ಕೆಳಗಿನ ತಟ್ಟೆ ಬೇರೆ ಖಾಲಿ. ಯಾವ ಕರಾವಳಿಯವಳು ಬಿಟ್ಟಾಳು, ಹೇಳಿ? ಹಸಿ ಹಪ್ಪಳ ಅಲ್ಲಿಗೆ ಸೇರಿತು. ಬಾಗಿಲು ತೆಗೆದರೆ ಶೆಡ್ಡೆಲ್ಲ ಹಪ್ಪಳದ ಘಮಘಮ, ಬೋರ್ಡುಗಳ ಮೇಲೆ ತೆಳ್ಳಗೆ ಹಬೆ.

ನಮ್ಮ ಮಾಲೀಕ ಶೇಟ್‌ಜಿ ಹೊರಗಿನಿಂದ ಕೂಗಿದರು: "ಟೆಂಪೋ ಖಡಾ ಹೈ! ಡಾಲೋ, ಜಲ್ದಿ ಡಾಲೋ!" ಟೆಂಪೋ ಕಾಯುತ್ತಿದೆ, ಬೇಗ ಹೊಯ್ಯಬೇಕಂತೆ; ನಾನು ರಾಳದ ಮಗ್ಗು ಎತ್ತಿದೆ.

ವಸಂತಕ್ಕ ಗಬಕ್ಕನೆ ನನ್ನ ಕೈ ಹಿಡಿದಳು. "ಹೊಯ್ಬೇಡ ಮಾರಾಯಾ! ಶೇಟ್‌ಜೀ, ಗಲ್ತಿ ಮೇರಾ ಹೈ. ಮೇರಾ ಪಾಪಡ್ ಗೀಲಾ ಥಾ. ಬೋರ್ಡ್ ಫಿರ್ ಸುಖಾನಾ ಪಡೇಗಾ." ತಪ್ಪು ತನ್ನದೇ, ತನ್ನ ಹಸಿ ಹಪ್ಪಳದಿಂದಾಗಿ ಬೋರ್ಡು ಮತ್ತೆ ಒಣಗಿಸಬೇಕು ಎಂದು ಎಲ್ಲರೆದುರೇ ಒಪ್ಪಿಕೊಂಡಳು.

"ಪಾಪಡ್?" ಶೇಟ್‌ಜಿ ಸ್ಟೂಲಿನ ಮೇಲೆ ಕುಸಿದರು. ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ.

"ನಗ್ತೀಯಾ ನೀನು? ಲಿಫ್ಟಲ್ಲಿ ಸಿಕ್ಕಿಬಿದ್ದವ್ರು ಬಟನ್ ಒತ್ತಿದ್ರೆ ಇದು ಕೂಗ್ಬೇಕಲ್ವಾ?"

ಟೆಂಪೋ ಖಾಲಿ ಹೋಯಿತು. ಬೋರ್ಡುಗಳು ಮತ್ತೆ ಓವನ್ ಸೇರಿದವು.

ಡಾಕ್ಟರು ನನ್ನ ಮುಖವನ್ನೇ ನೋಡುತ್ತಿದ್ದರು. ಈ ಪುಟ್ಟ ಡಬ್ಬಿಯನ್ನು ಮುಚ್ಚುವ ಮೊದಲೂ ಯಾವುದೋ ಊರಲ್ಲಿ ಯಾರೋ ಒಬ್ಬಳು, ತನ್ನ ಮಾನ ಹೋದರೂ ಸರಿ ಎಂದು, ಪಕ್ಕದವನ ಕೈ ಹಿಡಿದು ನಿಲ್ಲಿಸಿರಬೇಕು ಅನಿಸಿತು. ಅವಳ ಗುರುತಿಲ್ಲ, ಆದರೂ ಪ್ರೀತಿ ಉಕ್ಕಿತು. ಹೆದರಿಕೆ ಎಲ್ಲಿ ಹೋಯಿತೋ! "ಹಾಕಿಬಿಡಿ ಡಾಕ್ಟ್ರೇ" ಎಂದವನು ಮತ್ತೆ ನಗತೊಡಗಿದೆ.

ಡಾಕ್ಟರು ಗಾಬರಿಯಾಗಿ ನನ್ನ ನಾಡಿ ಹಿಡಿದರು. "ಇಷ್ಟ್ ಜೋರ್ ನಗಬ್ಯಾಡ್ರಿ ಅಂಕಲ್. ಬುಧವಾರ ಇದನ್ನ ಹಾಕೂತನಕ ಹಳೇ ಎದಿ ಮ್ಯಾಲ ನಡಸಬೇಕ್ರಿ!"