ಗೋಡೆಯೊಳಗೆ ಹೋದ ಕೇಬಲ್

ಸೊರಬದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೊಸ ನೆಟ್‌ವರ್ಕ್ ಸ್ವಿಚ್ ಕೂರಿಸಿ ಶಿಕಾರಿಪುರದ ಬಸ್ಸು ಹತ್ತಿದ್ದೆ. ಶಿಕಾರಿಪುರದಲ್ಲಿ ನಮ್ಮದು ಕಂಪ್ಯೂಟರ್ ಅಂಗಡಿ. ಸುತ್ತಲಿನ ಊರುಗಳಿಗೆ ಹೋಗಿ ಜೋಡಿಸಿಕೊಡುವುದು ನನ್ನ ಕೆಲಸ. ಲ್ಯಾಬು, ಬಿಲ್ಲಿಂಗು, ಡಾಕ್ಟರ ಕೋಣೆ, ಎಲ್ಲ ಕಂಪ್ಯೂಟರುಗಳ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆಯೇ ಈ ಸ್ವಿಚ್. ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಿಸಿದ್ದೆ. ಹೊರಗಿನವರು ಕೇಬಲ್ ಚುಚ್ಚಿ ಒಳಗೆ ನುಗ್ಗದಂತೆ ಖಾಲಿ ಪೋರ್ಟುಗಳನ್ನು ಮುಚ್ಚಿದ್ದೆ. "ಇನ್ನು ಚಿಂತೆಯಿಲ್ಲ" ಎಂದು ಡಾಕ್ಟರಿಗೆ ಹೇಳಿ ಹೊರಟವಳಿಗೇ ಚಿಂತೆ ಹತ್ತಿಕೊಂಡಿತು.

ಒಂದು ಕೇಬಲ್ ಗೋಡೆಯೊಳಗೆ ಹೋಗಿತ್ತು. ಎಲ್ಲಿಗೆ ಅಂತ ಕೇಳಿದರೆ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. "ಗೊತ್ತಿಲ್ಲದ್ದನ್ನ ಬಂದ್ ಮಾಡ್ರಿ" ಎಂದಿದ್ದರು ಡಾಕ್ಟರು. ಮಾಡಿದ್ದೆ. ಆದರೆ ಮುಚ್ಚುವ ಮೊದಲು ಆ ಪೋರ್ಟಿನ ಹಸಿರು ದೀಪ ಮಿನುಗುತ್ತಿತ್ತು. ಅಂದರೆ ಆ ತುದಿಯಲ್ಲಿ ಯಾರೋ ಇದ್ದರು.

ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಬಸ್ಸಿನ ಕಿಟಕಿ ತೆಗೆದೆ, ಮುಚ್ಚಿದೆ. ಕೊನೆಗೆ ಶಿರಾಳಕೊಪ್ಪದಲ್ಲಿ ಇಳಿದುಬಿಟ್ಟೆ. ವಾಪಸ್ ಹೋಗುವ ಬಸ್ಸು ಬರುವವರೆಗೆ ನಿಂತಲ್ಲಿ ನಿಲ್ಲಲಾಗದೆ ಅತ್ತಿತ್ತ ತಿರುಗುತ್ತಿದ್ದಾಗ, ಬೆಂಚಿನ ಮೇಲಿದ್ದ ಅಜ್ಜಿ ಕೇಳಿದರು: "ಓಡಾಡಿದ್ರೆ ಬಸ್ಸು ಬೇಗ ಬರ್ತದೇನವ್ವಾ?"

ನರ್ಸಿಂಗ್ ಹೋಮಿನ ಬಾಗಿಲಲ್ಲೇ ನರ್ಸ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ವಾರ್ಡಿನ ವೈಫೈ ನಿಂತೋಗಿದೆ. ಆ ಪೆಟ್ಟಿಗೆನ ಮನೆಯಿಂದ ತಂದು ಗೋಡೆಯ ಕೇಬಲ್ಲಿಗೆ ಹಚ್ಚಿಟ್ಟಿದ್ದು ನಾನೇ. ಡಾಕ್ಟರಿಗೆ ಗೊತ್ತಿಲ್ಲ."

"ಯಾಕೆ ಇಟ್ರಿ ಸಿಸ್ಟರ್?"

"ಅಲ್ಲಿ ಫೋನ್ ಸಿಗ್ನಲ್ಲೇ ಸಿಗಲ್ಲ. ಬನ್ನಿ, ನೀವೇ ನೋಡಿ."

ವಾರ್ಡಿನಲ್ಲಿ ಕ್ಯಾಸನೂರು ಕಡೆಯ ರೈತರೊಬ್ಬರು ಜ್ವರದಲ್ಲಿ ಮಲಗಿದ್ದರು. ಮಂಗನ ಕಾಯಿಲೆಯೋ ಏನೋ ಎಂದು ರಕ್ತ ಪರೀಕ್ಷೆಗೆ ಕಳಿಸಿದ್ದರು. ಅವರ ಹೆಂಡತಿ ಫೋನನ್ನು ಕಿಟಕಿಗೆ ಹಿಡಿದು ನಿಂತಿದ್ದರು. "ಮಗಳು ಅಪ್ಪನ ಮುಖ ನೋಡದೆ ಊಟ ಮಾಡಲ್ಲ ಕಣ್ರಿ. ಮನೇಲಿ ನಾದಿನಿ ತಟ್ಟೆ ಹಿಡ್ಕಂಡು ಕೂತಿರ್ತಾಳೆ."

ಪೋರ್ಟು ತೆರೆಯುವುದು ಕಷ್ಟವಲ್ಲ. ಆದರೆ ಆ ವೈಫೈಗೆ ಸೇರಿದ ಯಾರು ಬೇಕಾದರೂ ಅಲ್ಲಿಂದ ಲ್ಯಾಬಿನ ಕಂಪ್ಯೂಟರಿಗೆ ದಾರಿ ಹುಡುಕಬಹುದು. ತೆರೆಯಲೂ ಆಗದೆ, ಆಕೆಯ ಮುಖ ನೋಡಲೂ ಆಗದೆ ಹೊರಗೆ ಬಂದೆ.

"ಡಾಕ್ಟರಿಗೆ ಹೇಳಲೇಬೇಕು ಸಿಸ್ಟರ್."

"ನಾನೇ ಹೇಳ್ತೀನಿ" ಎಂದು ಅವರೇ ಹೋದರು.

ಡಾಕ್ಟರು ಬಂದಾಗ ಮುಖ ಗಂಟಾಗಿತ್ತು. ಸಿಸ್ಟರನ್ನು ಬಯ್ಯುತ್ತಾರೆಂದು ಕಾದೆ, ಬಯ್ಯಲಿಲ್ಲ. "ವೈಫೈ ಇದ್ರೂ ಒಬ್ಬರ ರಿಪೋರ್ಟು ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಅದಾಗುತ್ತೇನ್ರಿ?"

"ಆಗುತ್ತೆ ಸರ್. ಇದೇ ಸ್ವಿಚ್ಚಿನಲ್ಲಿ ವಾರ್ಡಿಗೆ ಬೇರೆ ದಾರಿ ಮಾಡ್ತೀನಿ. ಇಂಟರ್ನೆಟ್ಟಿಗೆ ಹೋಗುತ್ತೆ, ನಿಮ್ಮ ಕಂಪ್ಯೂಟರುಗಳ ಕಡೆ ತಿರುಗಲ್ಲ."

"ಮಾಡ್ರಿ."

ಅವಸರಕ್ಕೆ ನಾನೇ ಇಟ್ಟ ಪಾಸ್‌ವರ್ಡನ್ನು ತಪ್ಪು ಒತ್ತಿ, ಮತ್ತೆ ಸರಿಯಾಗಿ ಒತ್ತಿದೆ. ದಾರಿ ಬೇರೆಯಾದ ಮೇಲೆ ವಾರ್ಡಿನಲ್ಲಿ ಕೂತು ಲ್ಯಾಬಿನ ಕಂಪ್ಯೂಟರ್ ಮುಟ್ಟಲು ನೋಡಿದೆ, ಸಿಗಲಿಲ್ಲ. ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದೆ. ಸ್ವಿಚ್ ಆರಿಸಿ ಹಚ್ಚಿದರೂ ಎಲ್ಲ ಹಾಗೇ ಉಳಿದಿತ್ತು.

ರೈತರ ಮನೆಗೆ ವಿಡಿಯೋ ಕರೆ ಸೇರಿತು. ಆ ಮಗು ಅಪ್ಪನನ್ನು ಬಿಟ್ಟು ತೂಗುಹಾಕಿದ್ದ ಗ್ಲುಕೋಸ್ ಬಾಟ್ಲಿಯನ್ನೇ ನೋಡಿತು. "ಅಪ್ಪಾ, ನಿಂದೂ ಊಟಾನಾ?"

"ಹೂಂ ಮಗಾ," ಎಂದರು ಅವರು. "ನೀನೂ ಮಾಡು."

ರಕ್ತದ ಫಲಿತಾಂಶ ಬಂದಿರಲಿಲ್ಲ. ಅಂಗಡಿಯಲ್ಲಿ ಕೂತರೂ ನನಗೆ ಅದೇ ಯೋಚನೆ. ಆ ವಾರವೇ ಸಿಸ್ಟರ್ ಫೋನ್ ಮಾಡಿದರು: "ಮಂಗನ ಕಾಯಿಲೆ ಅಲ್ವಂತೆ ಮೇಡಂ. ಬೆಳಿಗ್ಗೆ ನಡ್ಕೊಂಡೇ ಮನೆಗೆ ಹೊರಟ್ರು."