ಹಸಿದ ಸೂಜಿಗಲ್ಲು

ಪುಯೆಬ್ಲಾ ಸೀಮೆಯ ಬೆಟ್ಟದಂಚಿನ ಪೇಟೆಯಲ್ಲಿ ಮಿಕ್ಸಿ, ರೇಡಿಯೊ ರಿಪೇರಿ ಮಾಡುತ್ತಿದ್ದ ಎಲಾದಿಯೊ ಅರ್ಧ ಆಯುಸ್ಸನ್ನು ಕಣ್ಣು ತೆರೆದುಕೊಂಡೇ ಕನಸು ಕಾಣುತ್ತ ಕಳೆದವನು. ಬೆಸುಗೆಯ ಹೊಗೆ ಮೇಲೇರುವುದನ್ನು ನೋಡುತ್ತ ಕೂತನೆಂದರೆ ಗಿರಾಕಿ ಬಂದು ಕೆಮ್ಮಿ ಎಬ್ಬಿಸಬೇಕು. ಹೆಂಡತಿ ಒತಿಲಿಯಾ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವನು ಮತ್ತು ಅವಳ ತಾಯಿ, ಊರು ಗೌರವದಿಂದ ದೋನ್ಯಾ ಎನ್ನುವ ಪೆತ್ರಾ. ಒಬ್ಬರನ್ನೊಬ್ಬರು ಹಂಗಿಸದೆ ಇಬ್ಬರಿಗೂ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಏನಳಿಯಂದ್ರೇ, ಇವತ್ತು ಯಾವ ಲೋಕದಲ್ಲಿದೀರಿ?"

"ನಿಮ್ಮ ಬಾಯಿ ಕೇಳಿಸದ ಲೋಕದಲ್ಲಿ, ಅತ್ತೆ."

ಈಸ್ಟರ್ ಭಾನುವಾರ ಚೌಕದಲ್ಲಿ ಮರಳಿ ಎದ್ದ ಯೇಸುವಿನ ವಿಗ್ರಹ ಕನ್ಯಾಮಾತೆಗೆ ಎದುರಾದಾಗ ಆ ಮಾತೆಯ ಶೋಕದ ಕರಿಮುಸುಕು ಜಾರಬೇಕು. ಅದಕ್ಕೆ ಕಟ್ಟಿದ ನೂಲೆಳೆಯುವುದು ಮದುವೆಯಾಗಿ ಬಂದಾಗಿನಿಂದ ಪೆತ್ರಾಳ ಸೇವೆ. ಹೋದ ವರ್ಷ ಮುದುಕಿಯ ಕೈ ನಡುಗಿ ನೂಲು ಕಿರೀಟಕ್ಕೆ ಸಿಕ್ಕಿಕೊಂಡಿತು. ಜನ ಅಪಶಕುನವೆಂದರು. "ಇನ್ನು ಸಾಕು, ನನ್ನ ತಂಗಿ ಮಗಳು ಎಳೀಲಿ" ಎಂದ ಉತ್ಸವದ ಹಿರಿಯ ದೋನ್ ವೆನ್ಸೆಸ್ಲಾವೊ. ಆಮೇಲೆ ಪೆತ್ರಾ ಅಳಿಯನನ್ನು ಹಂಗಿಸುವುದನ್ನೇ ಬಿಟ್ಟಳು. ಆ ಮೌನ ಎಲಾದಿಯೊಗೆ ಸಹಿಸಲಾಗಲಿಲ್ಲ.

ಕಬ್ಬಿಣದ ತುಂಡಿಗೆ ತಾಮ್ರದ ತಂತಿ ಸುತ್ತಿ ವಿದ್ಯುತ್ ಅಯಸ್ಕಾಂತ ಮಾಡಿದ. ಮುಸುಕಿಗೆ ಹೊಲಿದ ಕಬ್ಬಿಣದ ಬಿಲ್ಲೆಯನ್ನು ಅದು ಹಿಡಿದಿರಬೇಕು, ಪೆತ್ರಾ ಗುಂಡಿ ಒತ್ತಿದರೆ ಬಿಡಬೇಕು. ಅಪ್ಪಣೆ ಕೊಡುವುದಕ್ಕೆ ಮೈಕ್ರೋಕಂಟ್ರೋಲರ್ ಎಂಬ ಉಗುರಿನಷ್ಟು ಕಂಪ್ಯೂಟರ್. ಅಷ್ಟು ಕರೆಂಟ್ ಹೊರುವ ತಾಕತ್ತು ಆ ಪುಟ್ಟದಕ್ಕೆಲ್ಲಿ? ಅದರ ಅಪ್ಪಣೆಯಂತೆ ದೊಡ್ಡ ಕರೆಂಟನ್ನು ಬಿಟ್ಟು ತಡೆಯಲು ನಡುವೆ ಟ್ರಾನ್ಸಿಸ್ಟರ್ ಇಟ್ಟ. ಮೊದಲ ಸಲ ಕರೆಂಟ್ ನಿಲ್ಲಿಸಿದಾಗ ಸುರುಳಿ ಹೇಸರಗತ್ತೆಯ ಹಾಗೆ ಹಿಂದಕ್ಕೆ ಒದ್ದು ಟ್ರಾನ್ಸಿಸ್ಟರನ್ನೇ ಸುಟ್ಟಿತು. ಆ ಒದೆತ ಸುರುಳಿಯಲ್ಲೇ ಸುತ್ತಿ ತಣ್ಣಗಾಗಲೆಂದು ಅದಕ್ಕೆ ಅಡ್ಡವಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೂರಿಸಿದ. ಅಲ್ಲಿಂದ ಬಿಲ್ಲೆ ಗಟ್ಟಿಯಾಗಿ ನಿಂತು, ಹೇಳಿದಾಗ ಸದ್ದಿಲ್ಲದೆ ಜಾರತೊಡಗಿತು. ಅಂಗಡಿಯೆದುರಿನ ಜಕರಂದ ಹೂಗಳೂ ಹಾಗೇ ಜಾರುತ್ತಿದ್ದವು. ಯಾರೋ ಎಲ್ಲೋ ಕೂತು ಗುಂಡಿ ಒತ್ತುತ್ತಿದ್ದಾರೆ, ಒತಿಲಿಯಾಳೇ ಇರಬೇಕು ಅಂದುಕೊಂಡ.

ಶುಕ್ರವಾರವೆಲ್ಲ ಅಯಸ್ಕಾಂತಕ್ಕೆ ಕರೆಂಟ್ ಕೊಟ್ಟು ಮನೆಯಲ್ಲೇ ಪರೀಕ್ಷೆಗಿಟ್ಟ. ಹಿರಿಯನನ್ನು ಕಾಡಿಬೇಡಿ ಒಪ್ಪಿಸಿದ್ದ ತಾಲೀಮು ಶನಿವಾರ. ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಕನ್ಯಾಮಾತೆಯ ಪಲ್ಲಕ್ಕಿ ಎತ್ತಿದ್ದೇ ತಡ, ಮುಸುಕು ದೊಪ್ಪನೆ ಬಿತ್ತು.

"ನೋಡಿದ್ರಾ? ನಾಳೆ ನೂಲೇ ಸರಿ" ಎಂದ ವೆನ್ಸೆಸ್ಲಾವೊ.

ಎಲಾದಿಯೊ ಅಯಸ್ಕಾಂತ ಬಿಚ್ಚಿ ನೋಡಿದ. ಅದರ ಮುಖದ ತುಂಬ ಕಬ್ಬಿಣದ ಪುಡಿ ಹೆಪ್ಪುಗಟ್ಟಿತ್ತು, ಸಾರಾಯಿಯ ವಾಸನೆ ಬೇರೆ. ಮನೆಯ ದೇವರಗೂಡಿನಲ್ಲಿ ಪೆತ್ರಾ ಅದೃಷ್ಟಕ್ಕೆಂದು ಇಟ್ಟ ಸೂಜಿಗಲ್ಲೊಂದಿದೆ. ಶುಕ್ರವಾರಕ್ಕೊಮ್ಮೆ ಅದಕ್ಕೆ ಕಬ್ಬಿಣದ ಪುಡಿ ಉಣಿಸಿ ಸಾರಾಯಿ ಕುಡಿಸದಿದ್ದರೆ ಕಲ್ಲಿನ ಶಕ್ತಿ ಹೋಗುತ್ತದೆಂದು ಊರಿಗೆಲ್ಲ ಗೊತ್ತು.

"ಅತ್ತೆ, ಇದೇನಿದು?" ಎಂದ ಮೆಲ್ಲಗೆ.

"ನಿನ್ನೆ ಶುಕ್ರವಾರ ಅಲ್ವಾ... ಹಸಿದಿರುತ್ತೆ ಅಂತ ಒಂದು ಚಿಟಿಕೆ ಹಾಕ್ದೆ."

"ಚಿಟಿಕೆಯಾ? ಗಡ್ಡ ಬಂದ್ಬಿಟ್ಟಿದೆ ಇದಕ್ಕೆ! ಬಿಲ್ಲೆ ಅಂಟೋಕೆ ಜಾಗ ಎಲ್ಲಿದೆ?"

ಮುದುಕಿಯ ಮುಖ ಬಾಡಿತು. "ಕೈಯಾರೆ ನಾನೇ ಕೆಡಿಸ್ಕೊಂಡೆ."

ಎಲಾದಿಯೊ ಅಯಸ್ಕಾಂತದ ಪುಡಿಯನ್ನು ಅಂಗಿಯ ತುದಿಯಿಂದ ಒರೆಸಿದ. ಹಿರಿಯನ ಕಡೆ ತಿರುಗಿ, "ತಪ್ಪು ನಂದು ದೋನ್ ವೆನ್ಸೆಸ್ಲಾವೊ, ಸರಿಯಾಗಿ ಕೂರಿಸಿರಲಿಲ್ಲ. ನಾಳೆ ಹೀಗಾದ್ರೆ ನನ್ನ ಅಂಗಡಿಗೆ ಬೀಗ ಜಡೀರಿ" ಎಂದ. ಹಿರಿಯ ಗೊಣಗುತ್ತ ಒಪ್ಪಿದ.

ಭಾನುವಾರ ಧೂಪದ ಹೊಗೆಯಲ್ಲಿ ಚೌಕ ಕನಸಿನಲ್ಲಿದ್ದಂತೆ ತೇಲುತ್ತಿತ್ತು. ಪಲ್ಲಕ್ಕಿಯ ಪಕ್ಕ ಪೆತ್ರಾ, ಕೈಯಲ್ಲಿ ಗುಂಡಿಯ ಡಬ್ಬಿ. ಬೆರಳು ಗಡಗಡ ನಡುಗುತ್ತಿತ್ತು.

"ಅಳಿಯಂದ್ರೇ, ಬೆರಳು ಈಗಲೇ ತಾಗ್ತಿದೆ! ಬಿದ್ದೋಗುತ್ತೆ!"

"ಬೀಳಲ್ಲ. ನಿಮ್ಮ ನಡುಕ ಅದಕ್ಕೆ ಗೊತ್ತು ಅತ್ತೆ, ಲೆಕ್ಕಕ್ಕೆ ತಗೋಬೇಡ ಅಂತ ಹೇಳಿಟ್ಟಿದೀನಿ. ನೀವು ಮನಸು ಮಾಡಿ ಒತ್ತಿ ಹಿಡಿದ್ರೆ ಮಾತ್ರ ಬಿಡುತ್ತೆ."

ಪೆತ್ರಾ ಅವನನ್ನೇ ನೋಡಿದಳು. "ನನ್ನ ಮಗಳು ಕಣ್ಣಿದ್ದೇ ನಿಮ್ಮನ್ನ ಆರಿಸಿದ್ಳು" ಎಂದಳು. ಇಷ್ಟು ವರ್ಷ ಬಾಯಿಂದ ಹೊರಡದ ಮಾತು. ಎರಡು ವಿಗ್ರಹಗಳು ಎದುರಾದವು. ಅವಳು ಒತ್ತಿ ಹಿಡಿದಳು. ಮುಸುಕು ಕಿರೀಟಕ್ಕೆ ಸಿಕ್ಕದೆ ಜಾರಿತು, ಗಂಟೆಗಳು ಮೊಳಗಿದವು. ಎಲಾದಿಯೊ ಕಣ್ಣೊರೆಸಿಕೊಂಡ.

"ಈಗಲಾದ್ರೂ ಅದಕ್ಕೊಂದು ಚಿಟಿಕೆ ಹಾಕ್ಲಾ?" ಎಂದಳು ಮುದುಕಿ.

"ಹಾಕಿ ಅತ್ತೆ. ದುಡಿದು ಹಸಿದಿದೆ."